ಮಣ್ಣಿನ ಪೆಟ್ಟಿಗೆ

ಈ ಮಳೆಗಾಲ ಉಸಗಾಂವದಾಗ ಕೂತು ರಕ್ತಪಿಶಾಚಿಯ ಚಿತ್ರಗಳನ್ನು ಒಂದೊಂದಾಗಿ ನೋಡಿದೆ. 1931ರ ‘ಡ್ರಾಕುಲಾ’ದಲ್ಲಿ ಬೆಲಾ ಲುಗೋಸಿಯ ಕಣ್ಣು, 1958ರದರಲ್ಲಿ ಕ್ರಿಸ್ಟೋಫರ್ ಲೀಯ ಹಲ್ಲು ಹೆದರಿಸುತ್ತವೆ. ರಾಮ್ಸೆ ಸಹೋದರರ ‘ಬಂದ್ ದರ್ವಾಜಾ’ (1990) ಬರೇ ಚೀರಾಟ.

ಮನಸ್ಸಿನಾಗ ಉಳಿದದ್ದು ಮುರ್ನೌ ಅವರ 1922ರ ಮೂಕಚಿತ್ರ ‘ನೊಸ್ಫೆರಾಟು’. ಅದರ ಕೌಂಟ್ ಆರ್ಲಾಕ್ ಪರಊರಿಗೆ ಹೊರಟಾಗ ತನ್ನ ಗೋರಿಯ ಮಣ್ಣನ್ನು ಪೆಟ್ಟಿಗೆಗಳಲ್ಲಿ ತುಂಬಿ ಹಡಗಿನಲ್ಲಿ ಒಯ್ಯುತ್ತಾನೆ. ಅವನು ಆ ಮಣ್ಣಿನಲ್ಲೇ ಮಲಗಬೇಕು. ಅವನ ಜೊತೆ ಇಲಿ, ಪ್ಲೇಗೂ ಬರುತ್ತವೆ. ಹೊರಗಿನಿಂದ ಬಂದಾಂವನೇ ರೋಗ ತಂದ ಅನ್ನೋ ಮಾತು ದುಡಿಯಲಿಕ್ಕೆ ಗಡಿ ದಾಟಿದ ನಮಗೆ ಹೊಸದೇನಲ್ಲ. ಚಿತ್ರ ಆ ಅಂಜಿಕೆಯನ್ನು ಪ್ರಶ್ನಿಸುವುದಿಲ್ಲ. ಅದೇ ಅದರ ದೋಷ.

ನಮ್ಮ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವವನ್ನು ಹೊರಗಿಡ್ತಿದ್ದರು. ಈಗ ಆ ಬರಹವನ್ನು ನಾನು ಹೊರಗೆ ನಿಂತು ಓದುತ್ತೇನೆ.