ಸಣ್ಣ ತಂಡಗಳ ಮಾಸ್ತರ

ಬಾಗಲಕೋಟೆಯಲ್ಲಿ ರೈಲು ಹತ್ತಿದರೆ ಬಾದಾಮಿ, ಹೊಳೆಆಲೂರು ದಾಟಿ ಗದಗ, ಅಲ್ಲಿಂದ ಮುಂದೆ ಹುಬ್ಬಳ್ಳಿ. ನಮ್ಮ ಕಡೆಯ ಹುಡುಗರಿಗೆ ಲೆದರ್ ಬಾಲಿನ ಕ್ರಿಕೆಟ್ ಹುಚ್ಚು ಹತ್ತಿದರೆ ಹಿಡಿಯುವ ದಾರಿ ಹೆಚ್ಚುಕಡಿಮೆ ಇದೇ. ಇಳಕಲ್ಲು, ಹುನಗುಂದದವರಿಗೆ ಬಸ್ಸು. ಗದಗಿನ ಒಬ್ಬ ಹುಡುಗ ಒಂದು ಕಾಲಕ್ಕೆ ನಸುಕಿನಲ್ಲೆದ್ದು ಹುಬ್ಬಳ್ಳಿಗೆ ಹೋಗಿ, ನೆಟ್ಸಿನಲ್ಲಿ ಬೌಲಿಂಗ್ ಮಾಡಿ, ಶಾಲೆಯ ಹೊತ್ತಿಗೆ ಊರು ಮುಟ್ಟುತ್ತಿದ್ದ. ಒಂದು ದಿಕ್ಕಿಗೆ ಸುಮಾರು ಅರವತ್ತು ಕಿಲೋಮೀಟರ್. ಸುನಿಲ್ ಜೋಶಿ ಬಗ್ಗೆ ಬರೆಯುವವರೆಲ್ಲ ಈ ಕಥೆಯಿಂದಲೇ ಶುರುಮಾಡುತ್ತಾರೆ. ಅದನ್ನು ಬಿಟ್ಟು ಶುರುಮಾಡುವ ಧೈರ್ಯ ನನಗೂ ಆಗಲಿಲ್ಲ. ಗದಗ ಸೀಮೆಯಿಂದ ಕಲಿಯಲಿಕ್ಕೆಂದು ಹೊರಟ ಜೋಶಿಗಳಲ್ಲಿ ಇವರು ಮೊದಲಿಗರೇನಲ್ಲ. ಹಾಡುಗಾರ ಭೀಮಸೇನರು ಮನೆಯಲ್ಲಿ ಹೇಳದೇ ಹೋದವರು, ಇವರು ಹೇಳಿ ಹೋಗಿ ಗಂಟೆ ಹೊಡೆಯುವುದರೊಳಗೆ ಬರಬೇಕಾದವರು. ವ್ಯತ್ಯಾಸ ಅಷ್ಟೇ.

ಕಟ್ಟೆಯ ಮೇಲಿನ ಕ್ರಿಕೆಟ್ ಪಂಡಿತರನ್ನು ಕೇಳಿದರೆ ಜೋಶಿ ಎಂದ ಕೂಡಲೇ ನೈರೋಬಿ ಎನ್ನುತ್ತಾರೆ. 1999ರ ಸೆಪ್ಟೆಂಬರ್ 26, ಎದುರಿಗೆ ದಕ್ಷಿಣ ಆಫ್ರಿಕಾ, ಹತ್ತು ಓವರ್, ಆರು ಮೇಡನ್, ಆರು ರನ್, ಐದು ವಿಕೆಟ್. ಹ್ಯಾನ್ಸಿ ಕ್ರೋನಿಯೆ ತಂಡ 117ಕ್ಕೆ ಮುಗಿದುಹೋಯಿತು. ಮೊಬೈಲಿನಲ್ಲಿ ಹರಿದಾಡುವ ತುಣುಕುಗಳಲ್ಲಿ ಆ ಐದು ವಿಕೆಟ್ ಮಾತ್ರ ಇರುತ್ತವೆ. ನನಗೆ ಬೇಕಾದದ್ದು ಆರು ಮೇಡನ್. ಎಡಗೈ ಸ್ಪಿನ್ನರ್ ಒಬ್ಬ ಚೆಂಡನ್ನು ಗಾಳಿಯಲ್ಲಿ ತುಸು ಹಿಡಿದು, ಮುಂದಿನದನ್ನು ತುಸು ಬಿಟ್ಟು, ಒಂದು ರನ್ನಿಗೂ ಜಾಗ ಕೊಡದೆ ಕೂರಿಸುವುದರಲ್ಲಿ ಇರುವ ಸೊಗಸು ಸ್ಟಂಪು ಹಾರುವುದರಲ್ಲಿ ಇಲ್ಲ. ಮೇಡನ್ ಓವರನ್ನು ಕತ್ತರಿಸಿ ಎಸೆದ ಮೇಲೆ ಆ ವಿಕೆಟ್ ಬಂದದ್ದು ಹೇಗೆಂದು ಹುಡುಗರಿಗೆ ಗೊತ್ತಾಗುವುದಾದರೂ ಎಲ್ಲಿಂದ?

ಆದರೆ ನೈರೋಬಿಗೆ ನಿಲ್ಲಿಸಿಬಿಟ್ಟರೆ ಅರ್ಧ ಜೋಶಿ ಸಿಕ್ಕಂತೆ. ಇನ್ನರ್ಧ ಆಟ ಬಿಟ್ಟ ಮೇಲಿನದು, ಮತ್ತು ನನ್ನ ಎಣಿಕೆಯಲ್ಲಿ ಅದೇ ಹೆಚ್ಚು ತೂಕದ್ದು.

ಲೆಕ್ಕ ನೋಡಿ. ಟೆಸ್ಟ್ 15, ವಿಕೆಟ್ 41. ಏಕದಿನ ಪಂದ್ಯ 69, ವಿಕೆಟ್ಟೂ 69. 1996ರಲ್ಲಿ ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಶುರುವಾದ ಟೆಸ್ಟ್ ಬದುಕು 2000ದ ಕೊನೆಗೆ ಮುಗಿಯಿತು. ಪ್ರಥಮ ದರ್ಜೆಯಲ್ಲಿ ಮಾತ್ರ ಆರುನೂರು ದಾಟಿದ ವಿಕೆಟ್, ಐದು ಸಾವಿರ ದಾಟಿದ ರನ್. ತೊಂಬತ್ತರ ದಶಕದಲ್ಲಿ ಕರ್ನಾಟಕ ಮೂರು ಸಲ ರಣಜಿ ಗೆದ್ದಾಗ ಶ್ರೀನಾಥ್, ಕುಂಬ್ಳೆ, ಪ್ರಸಾದ್, ದ್ರಾವಿಡ್ ಭಾರತ ತಂಡದ ಕೆಲಸಕ್ಕೆ ಹೋಗಿರುತ್ತಿದ್ದರು. ಮನೆ ನೋಡಿಕೊಂಡವರಲ್ಲಿ ಜೋಶಿ ಒಬ್ಬರು. ಭಾರತ ತಂಡದಲ್ಲಿ ಕುಂಬ್ಳೆ ಜಾಗ ಗಟ್ಟಿ. ಎರಡನೇ ಸ್ಪಿನ್ನರ್ ಕುರ್ಚಿಗೆ ವೆಂಕಟಪತಿ ರಾಜು, ರಾಜೇಶ್ ಚೌಹಾಣ್, ನಿಲೇಶ್ ಕುಲಕರ್ಣಿ, ಹರಭಜನ್ ಎಂದು ಸಾಲು. ಹೀಗೆ ಒಳಗೆ ಹೊರಗೆ ಆದವನಿಗೆ ಬೆಂಚಿನ ಮೇಲೆ ಕೂತು ಆಟ ನೋಡುವ ಅಭ್ಯಾಸ ತಾನಾಗಿ ಬರುತ್ತದೆ. ಕೋಚ್ ಆಗುವವನಿಗೆ ಅದಕ್ಕಿಂತ ಒಳ್ಳೆಯ ಶಾಲೆ ಇಲ್ಲ ಎಂದು ನನ್ನ ವಾದ.

ಫುಟ್‌ಬಾಲಿನವರಿಗೆ ಇದು ಹೊಸ ಮಾತಲ್ಲ. ಇಟಲಿಯ ಕ್ಲಾಡಿಯೊ ರನಿಯೇರಿ ರೋಮ್ ಊರಿನವರು. ತವರಿನ ರೋಮಾ ತಂಡದಲ್ಲಿ ಆಡಿದ್ದು ಬೆರಳೆಣಿಕೆಯ ಪಂದ್ಯ. ಮುಂದೆ ಹಲವು ವರ್ಷ ದಕ್ಷಿಣದ ಕತಂಜಾರೊ ಎಂಬ ಸಣ್ಣ ಊರಿನ ತಂಡದಲ್ಲಿ ಡಿಫೆಂಡರ್. ಇಟಲಿಯ ರಾಷ್ಟ್ರೀಯ ತಂಡದ ಅಂಗಿ ತೊಡಲಿಲ್ಲ. ಆ ಮನುಷ್ಯ ಕೋಚ್ ಆಗಿ ಸಾರ್ಡೀನಿಯಾ ದ್ವೀಪದ ಕಾಲ್ಯರಿ ತಂಡವನ್ನು ಮೂರನೇ ದರ್ಜೆಯಿಂದ ಎರಡೇ ವರ್ಷದಲ್ಲಿ ಮೊದಲ ದರ್ಜೆಗೆ ತಂದರು, 2016ರಲ್ಲಿ ಲೆಸ್ಟರ್ ಸಿಟಿಗೆ ಇಂಗ್ಲೆಂಡಿನ ಲೀಗ್ ಗೆದ್ದುಕೊಟ್ಟರು, ಎಪ್ಪತ್ತು ದಾಟಿದ ಮೇಲೆ ಮತ್ತೆ ಅದೇ ಕಾಲ್ಯರಿಗೆ ಬಂದು 2023ರಲ್ಲಿ ಅದನ್ನು ಮತ್ತೆ ಮೇಲಕ್ಕೆತ್ತಿದರು. ನಡುವೆ ಚೆಲ್ಸಿ, ಯುವೆಂಟಸ್‌ನಂಥ ದೊಡ್ಡ ಮನೆಗಳಲ್ಲೂ ಇದ್ದರು. ಅಲ್ಲಿಯ ಕಥೆ ಯಾರೂ ಅಷ್ಟು ಉತ್ಸಾಹದಿಂದ ಹೇಳುವುದಿಲ್ಲ.

ಜೋಶಿಯವರ ಲೆಸ್ಟರ್ ಅಂದರೆ ಜಮ್ಮು ಮತ್ತು ಕಾಶ್ಮೀರ. 2014ರ ಸೆಪ್ಟೆಂಬರಿನಲ್ಲಿ ಝೇಲಂ ಉಕ್ಕಿ ಶ್ರೀನಗರ ಮುಳುಗಿತು. ಶೇರ್-ಎ-ಕಾಶ್ಮೀರ್ ಮೈದಾನವೂ ನೀರಿನಡಿ. ಮನೆ ಮಠ ತೋಯ್ದವರನ್ನು ಕಟ್ಟಿಕೊಂಡು ಕೋಚ್ ಜೋಶಿ ರಣಜಿ ಋತು ಶುರುಮಾಡಬೇಕಿತ್ತು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಬಾಗಲಕೋಟೆಯವರಿಗೆ ನೀರು ಬಂದ ಊರಿನ ಸಂಕಟ ಬಿಡಿಸಿ ಹೇಳಬೇಕಿಲ್ಲ. ಆ ಡಿಸೆಂಬರಿನಲ್ಲಿ ಮೊದಲ ಪಂದ್ಯವೇ ವಾಂಖೆಡೆಯಲ್ಲಿ, ನಲವತ್ತು ಸಲ ರಣಜಿ ಗೆದ್ದ ಮುಂಬೈ ಮೇಲೆ. ಮುಂಬೈ ನಾಯಕ ಸೂರ್ಯಕುಮಾರ್ ಯಾದವ್. ಶ್ರೇಯಸ್ ಅಯ್ಯರ್‌ಗೆ ಅದು ಮೊದಲ ಪ್ರಥಮ ದರ್ಜೆ ಪಂದ್ಯ. ಪರ್ವೇಜ್ ರಸೂಲ್ ನಾಯಕತ್ವದ ಕಾಶ್ಮೀರ ಮೊದಲ ಇನಿಂಗ್ಸಿನಲ್ಲಿ ಮುನ್ನಡೆ ಪಡೆಯಿತು. ಹದಿಹರೆಯದ ಆರಂಭಿಕ ಶುಭಂ ಖಜೂರಿಯಾ ಒಂದು ಇನಿಂಗ್ಸಿನಲ್ಲಿ ಶತಕ, ಇನ್ನೊಂದರಲ್ಲಿ ಅರ್ಧ ಶತಕ ಹೊಡೆದ. ಕೊನೆಗೆ 237ರ ಗುರಿ. ನಾಲ್ಕು ವಿಕೆಟ್ ಉಳಿಸಿಕೊಂಡು ಮುಟ್ಟಿದರು.

ಆ ಗೆಲುವಿನಲ್ಲಿ ಕೋಚಿನ ಪಾಲೆಷ್ಟು ಎಂದು ತೂಗಿ ಹೇಳುವುದು ಕಷ್ಟ. ಆದರೆ ನಾಲ್ಕು ದಿನದ ಪಂದ್ಯದ ಒಂದು ಗುಟ್ಟು ನೋಡುಗರಿಗೆ ಗೊತ್ತು. ದುರ್ಬಲ ತಂಡ ಸಾಮಾನ್ಯವಾಗಿ ಸೋಲುವುದು ಪ್ರತಿಭೆಯ ಕೊರತೆಯಿಂದಲ್ಲ, ಒಂದು ಕೆಟ್ಟ ಅವಧಿಯಿಂದ. ಊಟದಿಂದ ಚಹಾದವರೆಗಿನ ಎರಡು ತಾಸಿನಲ್ಲಿ ಐದು ವಿಕೆಟ್ ಕಳೆದುಕೊಂಡು, ಉಳಿದ ಮೂರು ದಿನ ಅದನ್ನೇ ತೇಪೆ ಹಚ್ಚುತ್ತ ಕೂರುತ್ತದೆ. ವಾಂಖೆಡೆಯಲ್ಲಿ ಕಾಶ್ಮೀರ ಪಂದ್ಯವನ್ನೇ ಕೈಬಿಡುವಂಥ ಅವಧಿ ಬರಲಿಲ್ಲ. ಹೀಗೆ ಕಟ್ಟಿ ಆಡುವುದು ಮೇಡನ್ ಹಾಕುವವನ ಮನಸ್ಸು, ವಿಕೆಟ್ಟಿಗೆ ಹಪಹಪಿಸುವವನದಲ್ಲ. ಅಲ್ಲಿ ನನಗೆ ಜೋಶಿ ಕಾಣುತ್ತಾರೆ.

ಮುಂದೆ ಒಮನ್. 2016ರ ಟಿ20 ವಿಶ್ವಕಪ್ಪಿಗೆ ಆ ತಂಡದ ಸ್ಪಿನ್ ಸಲಹೆಗಾರರಾಗಿ ಹೋದರು. ಧರ್ಮಶಾಲೆಯಲ್ಲಿ ಐರ್ಲೆಂಡನ್ನು ಕೊನೆಯ ಓವರಿನಲ್ಲಿ ಎರಡು ವಿಕೆಟ್‌ಗಳಿಂದ ಸೋಲಿಸಿದರು. ನಡುವೆ ಅಸ್ಸಾಮಿನಲ್ಲೂ ತರಬೇತಿ ಕೊಟ್ಟರು.

ಬಾಂಗ್ಲಾದೇಶದ ಅಧ್ಯಾಯಕ್ಕೆ ಮಾತ್ರ ಹಿಂದಿನ ಒಂದು ಪುಟ ತಿರುವಬೇಕು. 2000ದ ನವೆಂಬರಿನಲ್ಲಿ ಬಾಂಗ್ಲಾ ತನ್ನ ಮೊಟ್ಟಮೊದಲ ಟೆಸ್ಟನ್ನು ಢಾಕಾದಲ್ಲಿ ಭಾರತದ ಮೇಲೆ ಆಡಿತು. ಸೌರವ್ ಗಂಗೂಲಿ ನಾಯಕರಾದ ಮೊದಲ ಟೆಸ್ಟೂ ಅದೇ. ಜೋಶಿ ಎರಡೂ ಇನಿಂಗ್ಸಿನಿಂದ ಎಂಟು ವಿಕೆಟ್ ಕಿತ್ತು, ಬ್ಯಾಟಿನಿಂದ 92 ಹೊಡೆದು ಪಂದ್ಯಶ್ರೇಷ್ಠರಾದರು. ಎರಡನೇ ಇನಿಂಗ್ಸಿನಲ್ಲಿ ಬಾಂಗ್ಲಾ 91ಕ್ಕೆ ಆಲೌಟ್. ಅದೇ ಊರಿಗೆ 2017ರಲ್ಲಿ ಅವರನ್ನೇ ಸ್ಪಿನ್ ಕಲಿಸಲು ಕರೆದರು. ಆ ಆಗಸ್ಟಿನಲ್ಲೇ ಮೀರ್‌ಪುರದಲ್ಲಿ ಬಾಂಗ್ಲಾ ಆಸ್ಟ್ರೇಲಿಯಾವನ್ನು 20 ರನ್ನಿನಿಂದ ಸೋಲಿಸಿತು, ಶಕೀಬ್‌ಗೆ ಹತ್ತು ವಿಕೆಟ್. ಮರುವರ್ಷ ವೆಸ್ಟ್ ಇಂಡೀಸ್ ಎರಡು ಟೆಸ್ಟ್ ಆಡಿ ಎರಡನ್ನೂ ಸೋತಾಗ ಬಿದ್ದ ನಲವತ್ತು ವಿಕೆಟ್ಟೂ ಸ್ಪಿನ್ನರ್‌ಗಳ ಪಾಲು: ಶಕೀಬ್, ತೈಜುಲ್, ಮೆಹೆದಿ, ಜೊತೆಗೆ ಹದಿನೇಳರ ನಯೀಮ್ ಹಸನ್.

ಮೀರ್‌ಪುರದ ಪಿಚ್ಚಿನಲ್ಲಿ ನಾನು ಹಾಕಿದರೂ ತಿರುಗೀತು ಎನ್ನುವವರಿದ್ದಾರೆ. ಅರ್ಧ ನಿಜ. ತಿರುಗುವ ಪಿಚ್ ಸಿಕ್ಕಾಗ ಹದಗೆಡುವ ಸ್ಪಿನ್ನರ್‌ಗಳೇ ಹೆಚ್ಚು. ಎಲ್ಲ ಚೆಂಡೂ ಬುಗುರಿಯಂತೆ ತಿರುಗಲಿ ಎಂದು ಹಾಕುತ್ತಾರೆ, ಬ್ಯಾಟಿನ ಅಂಚಿಗೂ ಸಿಗದೆ ಹೊರಗೆ ಹೋಗುತ್ತದೆ. ಅಂಥ ನೆಲದಲ್ಲಿ ನೇರ ಹೋಗುವ ಆರ್ಮ್ ಬಾಲೇ ದೊಡ್ಡ ಅಸ್ತ್ರ. ಆ ಸಂಯಮವನ್ನು ಯಾರಾದರೂ ಕಲಿಸಬೇಕು.

ನಮ್ಮ ಊರುಗಳ ಎಡಗೈ ಹುಡುಗರ ಕಾಯಿಲೆಯೂ ಇದೇ. ತಾಲೂಕು ಮೈದಾನಗಳಲ್ಲಿ ಟರ್ಫ್ ವಿಕೆಟ್ ಅಪರೂಪ, ನಾರಿನ ಮ್ಯಾಟೇ ಗತಿ. ಬಾದಾಮಿಯ ಕೆಂಪು ಗಟ್ಟಿ ನೆಲದ ಮೇಲೆ ಹಾಸಿದ ಮ್ಯಾಟು ಬೇರೆ, ಹುನಗುಂದದ ಎರೆ ನೆಲದ ಮೇಲಿನದು ಬೇರೆ. ಗೂಟ ಬಿಗಿದು ಎಳೆದು ಕಟ್ಟಿದರೆ ಚೆಂಡು ಎದೆಮಟ್ಟ ಏಳುತ್ತದೆ. ಸಡಿಲ ಬಿಟ್ಟರೆ ಹಿಡಿದು ತಿರುಗುತ್ತದೆ. ಎರಡರಲ್ಲೂ ಚೆಂಡಿಗೆ ಫ್ಲೈಟ್ ಕೊಡುವ ಅಗತ್ಯವೇ ಬೀಳುವುದಿಲ್ಲ. ಆ ಹುಡುಗ ಹುಬ್ಬಳ್ಳಿಯ ಟರ್ಫಿಗೆ ಹೋದ ದಿನ ಚೆಂಡು ತಿರುಗದೆ ಬೆವರುತ್ತಾನೆ. ಇನ್ನು ಬೇಸಿಗೆಯ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಸ್ಪಿನ್ನರ್‌ಗೆ ಓವರ್ ಕೊಡುವ ನಾಯಕನನ್ನು ದುರ್ಬೀನು ಹಾಕಿ ಹುಡುಕಬೇಕು.

2020ರ ಮಾರ್ಚಿನಲ್ಲಿ ಜೋಶಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಡಿಸೆಂಬರಿಗೆ ಆ ಕುರ್ಚಿ ಚೇತನ್ ಶರ್ಮಾಗೆ ಹೋಯಿತು. ಕೊರೊನಾ ನುಂಗಿದ ಅವಧಿ. ಆದರೂ ಆಸ್ಟ್ರೇಲಿಯಾ ಪ್ರವಾಸದ ತಂಡ ಆರಿಸಿದ್ದು ಇವರ ಸಮಿತಿಯೇ. ಸಿರಾಜ್ ಆ ಪಟ್ಟಿಯಲ್ಲಿದ್ದರು, ಮತ್ತು 2021ರ ಜನವರಿಯಲ್ಲಿ ಗಾಬಾದಲ್ಲಿ ಭಾರತ ಹೇಗೆ ಗೆದ್ದಿತೆಂದು ಎಲ್ಲರಿಗೂ ಗೊತ್ತು. ಗೆದ್ದಾಗ ಹೊಗಳಿಸಿಕೊಳ್ಳುವ ಸರದಿ ಮಾತ್ರ ತಪ್ಪಿತ್ತು.

ಆಮೇಲೆ ಐಪಿಎಲ್, 2025ರವರೆಗೆ ಪಂಜಾಬ್ ಕಿಂಗ್ಸ್‌ನ ಸ್ಪಿನ್ ಕೋಚ್ ಆಗಿದ್ದರು. 2025ರ ಜೂನ್ 3ರ ರಾತ್ರಿ ಬೆಂಗಳೂರು ತಂಡ ಹದಿನೆಂಟು ವರ್ಷ ಕಾದ ಕಪ್ಪನ್ನು ಆರು ರನ್ನಿನಿಂದ ಗೆದ್ದಾಗ, ಸೋತ ಡಗ್‌ಔಟಿನಲ್ಲಿ ಗದಗಿನವರು ಒಬ್ಬರಿದ್ದರು ಎಂಬುದು ಇಲ್ಲಿ ಪಟಾಕಿ ಹೊಡೆದವರಲ್ಲಿ ಎಷ್ಟು ಜನರಿಗೆ ಹೊಳೆಯಿತೋ. ನನಗೇನೂ ಬೇಸರವಿಲ್ಲ, ನಾನೂ ಬೆಂಗಳೂರಿನ ಕಡೆಯವನೇ. ಆದರೆ ಒಬ್ಬರಿಗೆ ನಾಲ್ಕೇ ಓವರ್ ಸಿಗುವ ಆಟದಲ್ಲಿ, ಹೆಸರು ಮಾಡಿದ ಬೌಲರ್‌ಗಳ ನಡುವೆ, ಜೋಶಿಯಂಥವರಿಗೆ ಕೈಗೆ ತಕ್ಕ ಕೆಲಸ ಸಿಗುವುದಿಲ್ಲ. ರಣಜಿಯ ಪ್ಲೇಟ್ ಗುಂಪಿನಲ್ಲಿ ಮಣಿಪುರ, ಮಿಜೋರಾಂ, ಅರುಣಾಚಲದ ತಂಡಗಳು ಬಿದ್ದು ಎದ್ದು ಆಡುತ್ತಿರುತ್ತವೆ. ಅವರಲ್ಲಿ ಯಾರಾದರೂ ಫೋನ್ ಮಾಡಿ ಮೂರು ವರ್ಷದ ಕರಾರು ಕೊಡಲಿ. ಆ ಸ್ಕೋರ್‌ಕಾರ್ಡುಗಳನ್ನು ನಾನು ದಿನಾ ತೆಗೆದು ನೋಡುತ್ತೇನೆ.