ಕೇಳುವವರಿಗಾಗಿ ಕಾದ ಮಳೆ: ಯೆಹೂದಿ ಐತಿಹ್ಯ ಹಾಗೂ ಅನುಭಾವ ಪರಂಪರೆಯಲ್ಲಿ ಮಳೆಯ ಅರ್ಥ

ಹೀಬ್ರೂ ಬೈಬಲ್ಲಿನ ಧರ್ಮೋಪದೇಶಕಾಂಡದ ಹನ್ನೊಂದನೆಯ ಅಧ್ಯಾಯವು ಎರಡು ನಾಡುಗಳನ್ನು ಎದುರುಬದುರಾಗಿ ನಿಲ್ಲಿಸುತ್ತದೆ. ಒಂದು, ನೈಲ್ ನದಿಯ ನೀರನ್ನು ಹೊಲಕ್ಕೆ ಹಾಯಿಸಿಕೊಂಡು ಬದುಕುವ ಈಜಿಪ್ಟ್. ಇನ್ನೊಂದು, ಬೆಟ್ಟ ಕಣಿವೆಗಳಿಂದ ಕೂಡಿದ, ಆಕಾಶದಿಂದ ಬಿದ್ದ ನೀರನ್ನೇ ಕುಡಿಯಬೇಕಾದ ಕಾನಾನ್. ಈ ಎರಡನೆಯ ನಾಡಿನಲ್ಲಿ ಮಳೆಗಾಲವು ಸುಮಾರಾಗಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ. ಬೇಸಿಗೆಯ ತಿಂಗಳುಗಳಲ್ಲಿ ಮಳೆಯೇ ಇಲ್ಲವೆನ್ನಬಹುದು. ಶರತ್ಕಾಲದ ಮೊದಲ ಮಳೆಗೆ 'ಯೋರೆ' ಎಂದೂ ವಸಂತದ ಕೊನೆಯ ಮಳೆಗೆ 'ಮಲ್ಕೋಷ್' ಎಂದೂ ಹೆಸರು. ಇವುಗಳನ್ನು ಮುಂಗಾರು, ಹಿಂಗಾರು ಎಂದು ಅನುವಾದಿಸಿದರೆ ಕನ್ನಡದ ಓದುಗರಿಗೆ ಭಾವ ದಕ್ಕುತ್ತದೆಯಾದರೂ ಕಾಲ ತಪ್ಪುತ್ತದೆ. ನಮ್ಮ ಮುಂಗಾರು ನೆಲೆಯೂರುವ ಜೂನ್ ತಿಂಗಳು ಅಲ್ಲಿ ಒಣಗಾಲದ ಆರಂಭ.

ಅದೇ ಅಧ್ಯಾಯವು ದೇವರ ಆಜ್ಞೆಯನ್ನು ಪಾಲಿಸಿದರೆ ಸಕಾಲದಲ್ಲಿ ಮಳೆ, ಅನ್ಯದೇವತೆಗಳಿಗೆ ಅಡ್ಡಬಿದ್ದರೆ ಬರಗಾಲ ಎಂಬ ಕರಾರನ್ನೂ ಮುಂದಿಡುತ್ತದೆ. ಈ ಭಾಗವು 'ಶೆಮಾ' ಪಠಣದ ಅಂಗವಾಗಿ ಬೆಳಿಗ್ಗೆ ಮತ್ತು ಸಂಜೆ ಪಠಿಸಲ್ಪಡುವುದರಿಂದ, ಯೆಹೂದಿ ಪರಂಪರೆಯಲ್ಲಿ ಮಳೆಯೆಂದರೆ ಪುಣ್ಯಕ್ಕೆ ಸಂದ ಕೂಲಿ, ಬರವೆಂದರೆ ಪಾಪಕ್ಕೆ ತೆತ್ತ ದಂಡ ಎಂಬ ತೀರ್ಮಾನಕ್ಕೆ ಬರುವುದು ಸುಲಭ. ಇನ್ನೊಂದು ಬಗೆಯ ಓದು ಜಾನಪದ ವಿದ್ವಾಂಸರಿಂದ ಬಂದುದು. ಜೇಮ್ಸ್ ಫ್ರೇಜರ್ ಅವರ ಪ್ರಭಾವದಿಂದಾಗಿ ಮಳೆಯ ಆಚರಣೆಗಳನ್ನೆಲ್ಲ ಅನುಕರಣಾತ್ಮಕ ಮಾಟವೆಂದು ಗುರುತಿಸುವ ರೂಢಿ ಬೆಳೆಯಿತು. ೧೯೩೬ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ಮೊತ್ತಮೊದಲ ಡಾಕ್ಟರೇಟ್ ಪದವಿ ಪಡೆದ ರಾಫೆಲ್ ಪಟಾಯ್ ಅವರ ಅಧ್ಯಯನದ ವಸ್ತು ನೀರೇ ಆಗಿತ್ತೆಂಬುದು ಗಮನಾರ್ಹ. ೧೯೩೯ರಲ್ಲಿ ಅವರು ಪ್ರಕಟಿಸಿದ ಪ್ರಸಿದ್ಧ ಲೇಖನದ ಶೀರ್ಷಿಕೆಯಲ್ಲಿಯೂ ಪ್ರಾಚೀನ ಪ್ಯಾಲೆಸ್ತೀನಿನ ಮಳೆಯ 'ನಿಯಂತ್ರಣ' ಎಂಬ ಮಾತಿದೆ.

ಕೂಲಿ ಮತ್ತು ನಿಯಂತ್ರಣ ಎಂಬ ಈ ಎರಡು ಪರಿಕಲ್ಪನೆಗಳೂ ನಿರಾಧಾರವಾದವುಗಳಲ್ಲ. ಆದರೆ ಮಳೆಯನ್ನು ಕುರಿತ ಐತಿಹ್ಯಗಳನ್ನು ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು ಓದಿದಾಗ ಅವು ಎರಡನ್ನೂ ಮೀರಿ ಹೋಗುವುದು ಕಂಡುಬರುತ್ತದೆ. ಅಲ್ಲಿ ಮಳೆ ಒಂದು ಉತ್ತರ. ಕೆಳಗಿನಿಂದ ಕರೆ ಏಳದೆ ಅದು ಮೇಲಿನಿಂದ ಇಳಿಯುವುದಿಲ್ಲ. ಯಾರ ಕರೆಗೆ ಉತ್ತರ ದೊರೆಯುತ್ತದೆ ಎಂಬ ಪ್ರಶ್ನೆಯ ಸುತ್ತಲೇ ಈ ಕಥನಪರಂಪರೆ ಬೆಳೆದಿದೆ.

ಕೀಲಿಕೈಯ ಕಥೆಗಳು

ಆದಿಕಾಂಡದ ಎರಡನೆಯ ಅಧ್ಯಾಯದ ಪ್ರಕಾರ ಭೂಮಿಯಲ್ಲಿ ಇನ್ನೂ ಗಿಡಗಂಟೆಗಳಿರಲಿಲ್ಲ. ಮಳೆ ಸುರಿದಿರಲಿಲ್ಲ, ನೆಲವನ್ನು ಗೇಯಲು ಮನುಷ್ಯನೂ ಇರಲಿಲ್ಲ. ಮೊದಲ ಅಧ್ಯಾಯವಾದರೋ ಮೂರನೆಯ ದಿನವೇ ಸಸ್ಯಗಳು ಹುಟ್ಟಿದವೆನ್ನುತ್ತದೆ. ಈ ವಿರೋಧವನ್ನು ಬಿಡಿಸಲು ತಾಲ್ಮುದ್ ಒಂದು ಕಥೆಯನ್ನು ಹೇಳುತ್ತದೆ. ಮೂರನೆಯ ದಿನ ಮೊಳೆತ ಸಸ್ಯಗಳು ಮಣ್ಣಿನ ಬಾಯಿಯವರೆಗೆ ಬಂದು ನಿಂತುಬಿಟ್ಟವು. ಆದಾಮನು ಬಂದು ಅವುಗಳಿಗಾಗಿ ಪ್ರಾರ್ಥಿಸಿದ ಮೇಲೆಯೇ ಮಳೆ ಸುರಿದು ಅವು ಹೊರಗೆ ತಲೆಯೆತ್ತಿದವು. ಹನ್ನೊಂದನೆಯ ಶತಮಾನದ ಭಾಷ್ಯಕಾರ ರಾಶಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸುತ್ತಾನೆ. ಮಳೆಯ ಒಳಿತನ್ನು ಅರಿಯುವವರು ಆಗ ಯಾರೂ ಇರಲಿಲ್ಲವಾದ್ದರಿಂದ ಮಳೆ ಬಂದಿರಲಿಲ್ಲ ಎಂಬುದು ಅವನ ವಿವರಣೆ. ಇಲ್ಲಿ ಪಾಪದ ಪ್ರಸ್ತಾಪವಿಲ್ಲ, ಶಿಕ್ಷೆಯೂ ಇಲ್ಲ. ಸೃಷ್ಟಿಯ ಮೊದಲ ಮಳೆ ಕಾದದ್ದು ಕೇಳಬಲ್ಲ ಒಂದು ಬಾಯಿಗಾಗಿ.

ಮಳೆ, ಹೆರಿಗೆ, ಸತ್ತವರ ಪುನರುತ್ಥಾನ ಎಂಬ ಮೂರರ ಕೀಲಿಕೈಗಳನ್ನು ದೇವರು ಯಾವ ದೂತನಿಗೂ ಒಪ್ಪಿಸುವುದಿಲ್ಲವೆಂಬುದು ತಾಲ್ಮುದಿನ ಇನ್ನೊಂದು ಪ್ರಸಿದ್ಧ ನಂಬಿಕೆ. ಪ್ರವಾದಿ ಎಲೀಯನ ಐತಿಹ್ಯ ಬೆಳೆದಿರುವುದು ಇದರ ಮೇಲೆಯೇ. ಅಹಾಬ ರಾಜನ ಮೇಲಿನ ಸಿಟ್ಟಿನಿಂದ ಮಳೆಯನ್ನು ತಡೆಯಲು ಎಲೀಯ ಮಳೆಯ ಕೀಲಿಯನ್ನು ಕೇಳಿ ಪಡೆಯುತ್ತಾನೆ. ಬರ ಮುಂದುವರಿದಾಗ ಅವನಿಗೆ ಆಶ್ರಯವಿತ್ತ ವಿಧವೆಯ ಮಗ ಸಾಯುತ್ತಾನೆ. ಮಗುವನ್ನು ಬದುಕಿಸಲು ಎಲೀಯ ಪುನರುತ್ಥಾನದ ಕೀಲಿಯನ್ನೂ ಬೇಡುತ್ತಾನೆ. ಎರಡು ಕೀಲಿಗಳು ಶಿಷ್ಯನ ಕೈಯಲ್ಲಿದ್ದು ಗುರುವಿನ ಕೈಯಲ್ಲಿ ಒಂದೇ ಉಳಿಯುವುದು ತಕ್ಕುದಲ್ಲವೆಂಬ ಉತ್ತರ ಬರುತ್ತದೆ. ಮಳೆಯ ಕೀಲಿಯನ್ನು ಹಿಂದಿರುಗಿಸದೆ ಅವನಿಗೆ ಬೇರೆ ದಾರಿಯಿಲ್ಲ. ಪ್ರವಾದಿಯ ಕಠೋರತೆಗೆ ಐತಿಹ್ಯವು ಒಡ್ಡುವ ವಿಮರ್ಶೆಯಿದು. ಬರವನ್ನು ಹಿಡಿದುಕೊಂಡ ಕೈ ಒಂದು ಮಗುವಿನ ಜೀವವನ್ನು ಹಿಡಿಯಲಾರದು.

ವೃತ್ತದಿಂದ ಅಂಗಿಯ ಅಂಚಿನವರೆಗೆ

ಸುಮಾರು ಕ್ರಿ.ಶ. ೨೦೦ರ ವೇಳೆಗೆ ಸಂಕಲನಗೊಂಡ ಮಿಶ್ನಾದಲ್ಲಿ ಬರಗಾಲದ ಉಪವಾಸಗಳಿಗೆಂದೇ 'ತಾನಿತ್' ಎಂಬ ಒಂದು ಭಾಗವಿದೆ. ಮಾರ್‌ಹೆಷ್ವಾನ್ ತಿಂಗಳ ಹದಿನೇಳರವರೆಗೂ ಮಳೆಯಾಗದಿದ್ದರೆ ಮೊದಲು ಕೆಲವರು ಮಾತ್ರ ಉಪವಾಸವಿರುತ್ತಾರೆ. ಅನಂತರ ಇಡೀ ಸಮುದಾಯವು ಮೂರು, ಮತ್ತೆ ಮೂರು, ಕೊನೆಗೆ ಏಳು, ಹೀಗೆ ಹದಿಮೂರು ಉಪವಾಸಗಳನ್ನು ಆಚರಿಸುತ್ತದೆ. ಪವಿತ್ರಗ್ರಂಥದ ಪೆಟ್ಟಿಗೆಯನ್ನು ಊರ ಬಯಲಿಗೆ ತಂದು ಅದರ ಮೇಲೆ ಬೂದಿ ಹಾಕುತ್ತಾರೆ. ಮುಖ್ಯಸ್ಥರ ತಲೆಗೂ ಬೂದಿ ಬೀಳುತ್ತದೆ. ಹಿರಿಯನೊಬ್ಬ ಎದ್ದುನಿಂತು ನಿನೆವೆ ಪಟ್ಟಣದ ಜನರನ್ನು ನೆನಪಿಸುತ್ತಾನೆ: ದೇವರು ಕಂಡದ್ದು ಅವರ ಗೋಣಿತಟ್ಟನ್ನೂ ಉಪವಾಸವನ್ನೂ ಅಲ್ಲ, ಬದಲಾದ ನಡತೆಯನ್ನು. ಆಚರಣೆಯ ನಡುವೆಯೇ ಆಚರಣೆಯ ಮಿತಿಯನ್ನು ಸಾರುವ ಈ ವಿಧಾನ ವಿಶಿಷ್ಟವಾದುದು.

ಇದೇ ಭಾಗದಲ್ಲಿ 'ವೃತ್ತ ಬರೆಯುವವ'ನೆಂದು ಹೆಸರಾದ ಹೋನಿಯ ಕಥೆ ಬರುತ್ತದೆ. ಅವನು ನೆಲದ ಮೇಲೆ ವೃತ್ತವೊಂದನ್ನು ಬರೆದು, ಮಳೆ ಬರುವವರೆಗೂ ಅದರಿಂದ ಕದಲುವುದಿಲ್ಲವೆಂದು ಆಣೆಯಿಡುತ್ತಾನೆ. ಮೊದಲು ತುಂತುರು ಬೀಳುತ್ತದೆ. ತಾನು ಕೇಳಿದ್ದು ಬಾವಿ ಗುಂಡಿಗಳು ತುಂಬುವ ಮಳೆಯನ್ನು ಎನ್ನುತ್ತಾನೆ. ಮಳೆ ರೋಷದಿಂದ ಸುರಿಯತೊಡಗಿದಾಗ ತಾನು ಕೇಳಿದ್ದು ಅನುಗ್ರಹದ ಮಳೆಯನ್ನು ಎನ್ನುತ್ತಾನೆ. ಕೊನೆಗೆ ಹದವಾಗಿ ಸುರಿದ ಮಳೆಯೂ ನಿಲ್ಲದೆ, ಜನ ದೇವಾಲಯದ ಗುಡ್ಡವನ್ನು ಏರಬೇಕಾಗುತ್ತದೆ. ಮೇಲುನೋಟಕ್ಕೆ ಇದು ನಿಯಂತ್ರಣದ ಕಥೆ. ವೃತ್ತವು ಮಾಟಗಾರನ ಮಂಡಲವನ್ನು ನೆನಪಿಸುತ್ತದೆ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಪಂಡಿತಾಗ್ರಣಿ ಸಿಮೋನ್ ಬೆನ್ ಶೆತಾಹ್ ಅವನಿಗೆ ಹೇಳಿಕಳುಹಿಸುತ್ತಾನೆ: ಹೋನಿಯಲ್ಲದೆ ಬೇರೊಬ್ಬನಾಗಿದ್ದರೆ ಬಹಿಷ್ಕಾರ ಹಾಕಬೇಕಾಗಿತ್ತು, ಆದರೆ ತಂದೆಯ ಮುಂದೆ ಹಟಮಾಡಿ ಬೇಕಾದ್ದನ್ನು ಪಡೆಯುವ ಮಗನನ್ನು ಏನು ಮಾಡಲಾದೀತು? ಮಾಟವೆಂದು ತೋರಿದ್ದನ್ನು ಈ ಹೋಲಿಕೆ ಸಂಬಂಧವನ್ನಾಗಿ ಮಾರ್ಪಡಿಸುತ್ತದೆ. ಆ ಸಂಬಂಧದ ಅತಿರೇಕವನ್ನೂ ಮುಚ್ಚಿಡುವುದಿಲ್ಲ.

ಹೋನಿಯ ಮೊಮ್ಮಕ್ಕಳ ಕಥೆಗಳಲ್ಲಿ ಈ ಅತಿರೇಕ ಕರಗುತ್ತ ಹೋಗುತ್ತದೆ. ಅಬ್ಬಾ ಹಿಲ್ಕೀಯ ಎಂಬ ಮೊಮ್ಮಗ ಹೊಲದಲ್ಲಿ ದುಡಿಯುವ ಕೂಲಿಯಾಳು. ಪಂಡಿತರು ಮಳೆಯ ಸಲುವಾಗಿಯೇ ಬಂದಿದ್ದಾರೆಂದು ಅರಿತ ಅವನು, ಅವರು ಬಾಯಿಬಿಡುವ ಮೊದಲೇ ಹೆಂಡತಿಯೊಡನೆ ಮಾಳಿಗೆಯನ್ನೇರುತ್ತಾನೆ. ಒಂದು ಮೂಲೆಯಲ್ಲಿ ಅವನೂ ಇನ್ನೊಂದರಲ್ಲಿ ಅವಳೂ ನಿಂತು ಪ್ರಾರ್ಥಿಸುತ್ತಾರೆ. ಮೋಡ ಮೊದಲು ಏಳುವುದು ಹೆಂಡತಿ ನಿಂತ ಮೂಲೆಯಿಂದ. ಅದಕ್ಕೆ ಅವನು ಕೊಡುವ ಕಾರಣ ಸರಳವಾದುದು: ಬಡವರಿಗೆ ತಾನು ಕೊಡುವುದು ಹಣವನ್ನು, ಮನೆಯಲ್ಲಿರುವ ಅವಳು ಕೊಡುವುದು ಕೂಡಲೇ ತಿನ್ನಬಹುದಾದ ರೊಟ್ಟಿಯನ್ನು. ಹಾನನ್ ಎಂಬ ಇನ್ನೊಬ್ಬ ಮೊಮ್ಮಗನಿಗೆ ಅಡಗಿಕೊಳ್ಳುವವನೆಂಬ ಅರ್ಥದ ಅಡ್ಡಹೆಸರೇ ಇದೆ. ಬರ ಬಂದಾಗ ಪಂಡಿತರು ಅವನ ಬಳಿಗೆ ಶಾಲೆಯ ಮಕ್ಕಳನ್ನು ಕಳುಹಿಸುತ್ತಾರೆ. ಮಕ್ಕಳು ಅವನ ಅಂಗಿಯ ಅಂಚನ್ನು ಹಿಡಿದೆಳೆದು, ಅಪ್ಪ ಎಂದು ಕರೆದು ಮಳೆ ಬೇಡುತ್ತಾರೆ. ಮಳೆ ಕೊಡುವ ತಂದೆ ಯಾರು, ಕೊಡಲಾರದ ತಂದೆ ಯಾರು ಎಂದು ತಿಳಿಯದ ಈ ಮಕ್ಕಳಿಗಾಗಿ ದಯೆತೋರು ಎಂದು ಅವನು ದೇವರನ್ನು ಕೇಳಿಕೊಳ್ಳುತ್ತಾನೆ. ಅಜ್ಜ ಬರೆದ ವೃತ್ತದ ಸ್ಥಾನದಲ್ಲಿ ಈಗ ಮಕ್ಕಳ ಕೈಹಿಡಿತವಿದೆ.

ಜೆರುಸಲೇಮಿನ ತಾಲ್ಮುದಿನ ಕಥೆಯೊಂದು ಇದಕ್ಕಿಂತಲೂ ಮುಂದೆ ಹೋಗುತ್ತದೆ. ಪೆಂಟಕಾಕ ಎಂಬವನು ಪ್ರಾರ್ಥಿಸಿದರೆ ಮಳೆ ಬರುವುದೆಂದು ರಬ್ಬಿ ಅಬ್ಬಾಹುವಿಗೆ ಕನಸಾಗುತ್ತದೆ. ಐದು ಪಾಪಗಳವನೆಂಬ ಅರ್ಥದ ಹೆಸರಿನ ಈ ಮನುಷ್ಯ ವೇಶ್ಯೆಯರನ್ನು ಗೊತ್ತುಮಾಡುವವನು, ನಾಟಕಶಾಲೆಯನ್ನು ಸಜ್ಜುಗೊಳಿಸುವವನು, ಅಲ್ಲಿ ಕುಣಿದು ತಾಳ ಬಾರಿಸುವವನು. ಏನು ಒಳ್ಳೆಯದನ್ನು ಮಾಡಿದ್ದೀಯೆಂದು ಕೇಳಿದಾಗ ಅವನು ಒಂದು ಘಟನೆಯನ್ನು ಹೇಳುತ್ತಾನೆ. ಒಮ್ಮೆ ಕಂಬದ ಹಿಂದೆ ಹೆಂಗಸೊಬ್ಬಳು ಅಳುತ್ತಿದ್ದಳು; ಸೆರೆಯಲ್ಲಿದ್ದ ಗಂಡನನ್ನು ಬಿಡಿಸಲು ಮೈ ಮಾರಿಕೊಳ್ಳಲೆಂದು ಬಂದಿದ್ದಳು. ಅವನು ತನ್ನ ಮಂಚವನ್ನೂ ಹೊದಿಕೆಯನ್ನೂ ಮಾರಿ ಹಣವನ್ನು ಅವಳ ಕೈಗಿತ್ತು ಕಳುಹಿಸಿದ. ಬರಗಾಲದಲ್ಲಿ ಪ್ರಾರ್ಥಿಸಲು ನೀನೇ ತಕ್ಕವನೆಂದು ರಬ್ಬಿ ಒಪ್ಪುತ್ತಾನೆ. ಮಳೆಯು ಧರ್ಮಿಷ್ಠರಿಗೆ ಸಲ್ಲುವ ಕೂಲಿಯೆಂಬ ಲೆಕ್ಕಾಚಾರ ಇಲ್ಲಿ ಸಂಪೂರ್ಣವಾಗಿ ಮುರಿದುಬೀಳುತ್ತದೆ. ಪಂಡಿತವರ್ಗವೇ ದಾಖಲಿಸಿ ಉಳಿಸಿದ ಈ ಕಥೆಗಳಲ್ಲಿ ಪಂಡಿತರ ಪ್ರಾರ್ಥನೆ ಮತ್ತೆಮತ್ತೆ ಸೋಲುವುದು, ಕೂಲಿಯವನ ಹೆಂಡತಿ, ಮಕ್ಕಳು, ನಾಟಕಶಾಲೆಯ ಆಳು ಗೆಲ್ಲುವುದು ಜಾನಪದ ಅಧ್ಯಯನದ ದೃಷ್ಟಿಯಿಂದ ಮಹತ್ವದ ಸಂಗತಿ.

ಅಳುವ ನೀರು

ಜೆರುಸಲೇಮಿನ ದೇವಾಲಯವಿದ್ದ ಕಾಲದಲ್ಲಿ ಪರ್ಣಶಾಲೆಗಳ ಹಬ್ಬವಾದ ಸುಕ್ಕೋತ್‌ನಂದು ಸಿಲೋವದ ಕೊಳದಿಂದ ಚಿನ್ನದ ಪಾತ್ರೆಯಲ್ಲಿ ನೀರು ತಂದು ಬಲಿಪೀಠದ ಮೇಲೆ ಎರೆಯಲಾಗುತ್ತಿತ್ತು. ಒಮ್ಮೆ ಪುರೋಹಿತನೊಬ್ಬ ಆ ನೀರನ್ನು ತನ್ನ ಕಾಲಮೇಲೆ ಸುರಿದುಕೊಂಡಾಗ ಜನರು ಕೈಯಲ್ಲಿದ್ದ ಮಾದಳದ ಹಣ್ಣುಗಳನ್ನು ಅವನ ಮೇಲೆ ಎಸೆದರೆಂದು ಮಿಶ್ನಾ ತಿಳಿಸುತ್ತದೆ. ಈ ನೀರೆರೆಯುವಿಕೆಯನ್ನು ಮಳೆಯ ಅನುಕರಣೆಯೆಂದು ಕರೆದರೆ ವಿವರಣೆ ಅರ್ಧದಲ್ಲೇ ನಿಲ್ಲುತ್ತದೆ. ಐತಿಹ್ಯದ ಪ್ರಕಾರ ಸೃಷ್ಟಿಯ ಎರಡನೆಯ ದಿನ ಮೇಲಿನ ನೀರನ್ನೂ ಕೆಳಗಿನ ನೀರನ್ನೂ ಬೇರ್ಪಡಿಸಿದಾಗ ಕೆಳಗಿನ ನೀರು ಅತ್ತಿತು. ಬಲಿಪೀಠದ ಮೇಲೆ ಉಪ್ಪಾಗಿಯೂ, ಹಬ್ಬದಲ್ಲಿ ಎರೆಯುವ ನೀರಾಗಿಯೂ ಅದಕ್ಕೆ ಸ್ಥಾನವಿತ್ತು ಸಮಾಧಾನಪಡಿಸಲಾಯಿತೆಂದು ರಾಶಿಯ ಭಾಷ್ಯದಲ್ಲಿದೆ. ಎರೆಯುವ ನೀರು ಆ ಹಳೆಯ ಅಗಲಿಕೆಯ ನೆನಪು.

ಮೇಲಿನ ನೀರು ಗಂಡು, ಕೆಳಗಿನದು ಹೆಣ್ಣು ಎಂಬ ಕಲ್ಪನೆ ಮಿದ್ರಾಷ್ ಕಥನಗಳಲ್ಲಿದೆ. ಮಳೆಯನ್ನು ಭೂಮಿಯ ಗಂಡನೆಂದು ಕರೆಯುವ ಮಾತು ತಾಲ್ಮುದಿನಲ್ಲಿಯೂ ಸಿಗುತ್ತದೆ. ಇಷ್ಟಕ್ಕೇ ನಿಂತಿದ್ದರೆ ಅನೇಕ ಬೇಸಾಯ ಸಂಸ್ಕೃತಿಗಳ ಭೂಮ್ಯಾಕಾಶ ದಾಂಪತ್ಯಕ್ಕೂ ಇದಕ್ಕೂ ಹೆಚ್ಚಿನ ವ್ಯತ್ಯಾಸವಿರುತ್ತಿರಲಿಲ್ಲ. ಆದರೆ ಮೇಲಿನಿಂದ ಒಂದು ಅಂಗೈಯಗಲ ನೀರು ಇಳಿದರೆ ಅದನ್ನು ಎದುರುಗೊಳ್ಳಲು ಪಾತಾಳದ ನೀರು ಎರಡು ಅಂಗೈಯಗಲ ಮೇಲೇರುತ್ತದೆ ಎಂಬ ಮಾತೂ ಅಲ್ಲಿದೆ. ಇನ್ನೊಂದು ಪಾಠದ ಪ್ರಕಾರ ಮೂರು. ಕರುವಿನ ಆಕಾರದ ರಿದ್ಯ ಎಂಬ ದೂತ ಎರಡರ ನಡುವೆ ನಿಂತು, ಮೇಲಿನದಕ್ಕೆ ಸುರಿಯೆಂದೂ ಕೆಳಗಿನದಕ್ಕೆ ಚಿಮ್ಮೆಂದೂ ಕರೆಯುತ್ತಾನೆ. ಸುಮ್ಮನೆ ಬಾಯ್ದೆರೆದು ಕಾಯುವ ಭೂಮಿಯಲ್ಲ ಇದು. ಅಳುವುದೂ ಅದೇ, ಏಳುವುದೂ ಅದೇ.

ಕಬ್ಬಾಲಾದಲ್ಲಿ ಮಳೆ

ಹದಿಮೂರನೆಯ ಶತಮಾನದ ಕೊನೆಯಲ್ಲಿ ಸ್ಪೇನಿನ ಕಸ್ತೀಲದಲ್ಲಿ ಬೆಳಕಿಗೆ ಬಂದ 'ಜೋಹರ್' ಗ್ರಂಥವು ಈ ಐತಿಹ್ಯಗಳನ್ನು ದೈವದ ಒಳಜೀವನದ ಭಾಷೆಗೆ ತಿರುಗಿಸುತ್ತದೆ. ಆದಿಕಾಂಡದಲ್ಲಿ ಮೊದಲು ಭೂಮಿಯಿಂದ ಮಂಜು ಏಳುತ್ತದೆ, ಅನಂತರ ನೆಲ ತೋಯುತ್ತದೆ. ಈ ಕ್ರಮವೇ ಅನುಭಾವಿಗಳಿಗೆ ಸೂತ್ರವಾಯಿತು. ಕೆಳಗಿನ ಎಚ್ಚರ ಮೊದಲು, ಮೇಲಿನ ಎಚ್ಚರ ಅನಂತರ. ಮಳೆಯೆಂದರೆ ಮೇಲಿನ ಸೆಫಿರೋತ್‌ಗಳಿಂದ ಶೆಖೀನಾಳೆಡೆಗೆ, ಅವಳ ಮೂಲಕ ಲೋಕದೆಡೆಗೆ ಹರಿಯುವ ದೈವೀ ಸಮೃದ್ಧಿ. ಹದಿನಾರನೆಯ ಶತಮಾನದಲ್ಲಿ ಸಫೇದಿನ ಐಸಾಕ್ ಲೂರಿಯಾ (೧೫೩೪-೧೫೭೨) ಅವರ ಪಂಥದಲ್ಲಿ ಮನುಷ್ಯರ ಪ್ರಾರ್ಥನೆ ಮತ್ತು ಸತ್ಕಾರ್ಯಗಳು ಮೇಲಕ್ಕೇರುವ 'ಹೆಣ್ಣು ನೀರು' ಎನಿಸಿಕೊಂಡವು.

ಈ ರೂಪಾಂತರದಲ್ಲಿ ಒಂದು ನಷ್ಟವೂ ಇದೆ ಎನ್ನಬೇಕಾಗುತ್ತದೆ. ಮಳೆ ಸಂಕೇತವಾದಂತೆಲ್ಲ ಹೊಲ, ಬಾವಿ, ರೊಟ್ಟಿ ಹಿಂದೆ ಸರಿಯುತ್ತವೆ. ಅಬ್ಬಾ ಹಿಲ್ಕೀಯನ ಹೆಂಡತಿಗೆ ಸೆಫಿರೋತ್‌ಗಳ ನಕ್ಷೆಯಲ್ಲಿ ಸುಲಭವಾಗಿ ಜಾಗ ಸಿಗದು. ಆದರೆ ಜೋಹರ್ ತನ್ನದೇ ಕಥೆಯೊಂದರಲ್ಲಿ ನಿಜವಾದ ಬರಕ್ಕೆ ಮರಳುತ್ತದೆ. ಲೋಕಕ್ಕೆ ಮಳೆ ಬೇಕಾಗಿದ್ದಾಗ ಸಂಗಾತಿಗಳು ರಬ್ಬಿ ಸಿಮೋನ್ ಬರ್ ಯೋಹಾಯಿಯ ಬಳಿಗೆ ಬರುತ್ತಾರೆ. ಅವನು ವೃತ್ತ ಬರೆಯುವುದಿಲ್ಲ, ಉಪವಾಸ ಸಾರುವುದಿಲ್ಲ. ಸಹೋದರರು ಒಂದಾಗಿ ಬಾಳುವುದನ್ನು ಕುರಿತ ಕೀರ್ತನೆಯನ್ನು ವ್ಯಾಖ್ಯಾನಿಸುತ್ತಾನೆ. ಮಳೆಯ ಪ್ರಶ್ನೆಗೆ ಉತ್ತರ ಮನುಷ್ಯರ ನಡುವಿನ ಪ್ರೀತಿಯಲ್ಲಿದೆಯೆಂಬ ಈ ನಿಲುವು ಮಂಚ ಮಾರಿದವನ ಕಥೆಯಿಂದ ದೂರವಾದುದಲ್ಲ.

ಕೊನೆಯ ಯಾತ್ರಿಕ

ಮಳೆಯನ್ನು ಎಲ್ಲರೂ ಒಂದೇ ಗಳಿಗೆಯಲ್ಲಿ ಬಯಸುವುದಿಲ್ಲ. ಪ್ರಾಯಶ್ಚಿತ್ತದ ದಿನದಂದು ಮಹಾಯಾಜಕನು ದಾರಿಹೋಕರ ಪ್ರಾರ್ಥನೆಗೆ ಕಿವಿಗೊಡಬೇಡವೆಂದು ದೇವರನ್ನು ಬೇಡುತ್ತಿದ್ದನಂತೆ. ತೋಯುವ ಭಯದಿಂದ ಅವರು ಮಳೆ ಬೇಡವೆನ್ನುತ್ತಾರಲ್ಲವೆ? ಆದರೆ ದಾರಿಯಲ್ಲಿ ಮಳೆಗೆ ಸಿಕ್ಕಿಕೊಂಡ ಹನೀನ ಬೆನ್ ದೋಸ ಎಂಬ ಬಡ ಭಕ್ತ ಒಂದು ಮಾತು ಆಡಿದ್ದೇ ತಡ, ಮಳೆ ನಿಂತುಹೋಯಿತು. ಅವನು ಮನೆ ಸೇರಿ ಮತ್ತೆ ಕೇಳಿದಾಗ ಮರಳಿ ಬಂದಿತು. ಮಹಾಯಾಜಕನ ಪ್ರಾರ್ಥನೆ ಹನೀನನ ಮುಂದೆ ಏನಾಯಿತೆಂದು ತಾಲ್ಮುದ್ ತಾನೇ ಬೆರಗಾಗುತ್ತದೆ.

ಪಂಚಾಂಗವೂ ಈ ತಿಕ್ಕಾಟವನ್ನು ಬಲ್ಲುದು. ಸುಕ್ಕೋತ್ ಹಬ್ಬದ ಕೊನೆಗೆ ಪ್ರಾರ್ಥನೆಯಲ್ಲಿ ಮಳೆಯ ಸ್ಮರಣೆ ಆರಂಭವಾಗುತ್ತದೆ; ಮಳೆಯನ್ನು ಬೇಡುವುದು ಮಾತ್ರ ಆಗಲೇ ಅಲ್ಲ. ಈ ವ್ಯವಸ್ಥೆ ನೆಲೆಗೊಂಡದ್ದು ಇಸ್ರೇಲ್ ನಾಡಿನ ಋತುಮಾನದ ಮೇಲೆ. ಚದುರಿದ ಸಮುದಾಯಗಳಿಗೆ ಇದು ತೊಡಕಾಯಿತು. ಬೇಸಿಗೆಯಲ್ಲೂ ತಮಗೆ ಮಳೆ ಬೇಕೆಂದು ನಿನೆವೆಯವರು ಕೇಳಿದಾಗ, ವೈಯಕ್ತಿಕ ಬೇಡಿಕೆಯಾಗಿ ಮಾತ್ರ ಪ್ರಾರ್ಥಿಸಬಹುದೆಂಬ ಉತ್ತರ ಬಂದಿತು. ಹದಿನಾಲ್ಕನೆಯ ಶತಮಾನದ ಆರಂಭದಲ್ಲಿ ತೊಲೆದೊದ ಅಷೇರ್ ಬೆನ್ ಯೆಹಿಯೇಲ್ ಆಯಾ ನಾಡಿನ ಅಗತ್ಯಕ್ಕೆ ತಕ್ಕಂತೆ ಪ್ರಾರ್ಥನೆಯ ಕಾಲವನ್ನು ಹೊಂದಿಸಲು ಮಾಡಿದ ಪ್ರಯತ್ನ ಫಲಿಸಲಿಲ್ಲ. ಭಾರತದ ಕರಾವಳಿಯಲ್ಲಿಯೂ ಹೀಗೆಯೇ ಆಯಿತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯಲ್ಲಿ ತೊಯ್ದ ಕೊಚ್ಚಿಯಲ್ಲಿ, ೧೫೬೮ರಲ್ಲಿ ಕಟ್ಟಿದ ಪರದೇಶಿ ಸಿನಗಾಗಿನಲ್ಲಿ ಸೇರುತ್ತಿದ್ದ ಸಮುದಾಯ ಆಮೇಲೆ ಸ್ಮರಿಸುತ್ತಿದ್ದುದು ದೂರದ ನಾಡೊಂದರ ಮಳೆಯನ್ನು. ಅಲ್ಲಿ ಮಳೆಯು ಬೆಳೆಗೆ ಬೇಕಾದ ನೀರಿಗಿಂತ ಹೆಚ್ಚಾಗಿ ನೆನಪಿನ ನೀರಾಗಿತ್ತು.

ಮಳೆಯ ದಿನವು ಸತ್ತವರು ಏಳುವ ದಿನಕ್ಕಿಂತಲೂ ಹಿರಿದೆಂಬ ಅಭಿಪ್ರಾಯ ತಾಲ್ಮುದಿನಲ್ಲಿದೆ. ಪುನರುತ್ಥಾನ ಸಜ್ಜನರಿಗೆ ಮಾತ್ರ. ಮಳೆ ಸಜ್ಜನರಿಗೂ ದುರ್ಜನರಿಗೂ ಸಮಾನ. ಧರ್ಮೋಪದೇಶಕಾಂಡದ ಕರಾರನ್ನು ದಿನಕ್ಕೆರಡು ಬಾರಿ ಪಠಿಸುವ ಪರಂಪರೆಯೇ ಈ ಮಾತನ್ನೂ ಕಾಪಾಡಿಕೊಂಡು ಬಂದಿದೆ. ಅದೇ ಪರಂಪರೆ ಮಳೆಯ ಬೇಡಿಕೆಯನ್ನು ಇಸ್ರೇಲಿನಲ್ಲಿ ಹಬ್ಬ ಮುಗಿದು ಹದಿನೈದು ದಿನ ಮುಂದೂಡಿ, ಮಾರ್‌ಹೆಷ್ವಾನ್ ತಿಂಗಳ ಏಳರಂದು ಆರಂಭಿಸುತ್ತದೆ. ರಬ್ಬಾನ್ ಗಮಲಿಯೇಲ್ ಇದಕ್ಕೆ ಕೊಟ್ಟ ಕಾರಣವನ್ನು ಮಿಶ್ನಾ ದಾಖಲಿಸಿದೆ: ಜೆರುಸಲೇಮಿನಿಂದ ಹೊರಟ ಯಾತ್ರಿಕರಲ್ಲಿ ಕೊನೆಯವನು ಯೂಫ್ರೆಟಿಸ್ ನದಿಯನ್ನು ತಲಪಲಿ. ದೇವಾಲಯ ಕ್ರಿ.ಶ. ೭೦ರಲ್ಲಿ ನಾಶವಾಯಿತು, ಆ ಯಾತ್ರಿಕರೂ ಇಲ್ಲವಾದರು. ಆದರೂ ಬಿರಿದ ನೆಲದ ಮುಂದೆ ನಿಂತ ಸಮುದಾಯವೊಂದು, ದೂರದ ದಾರಿಯಲ್ಲಿ ಒಬ್ಬನು ತೋಯದಿರಲೆಂದು ತನ್ನ ಬೇಡಿಕೆಯನ್ನು ಇಂದಿಗೂ ಹದಿನೈದು ದಿನ ತಡೆಹಿಡಿಯುತ್ತದೆ.