ವಪೆಯ ಪ್ರತಿಕೃತಿ: ಒಂದು ಸಾಕ್ಷ್ಯವಿಮರ್ಶೆ

ಅಂಡಾಶಯದ ಕ್ಯಾನ್ಸರು ಹೊಟ್ಟೆಯೊಳಗೆ ಹರಡುವ ರೀತಿಯನ್ನರಿಯಲು ಪ್ರಯೋಗಶಾಲೆಯಲ್ಲಿ ಕಟ್ಟಿರುವ ಅಂಗಾಂಶ ಪ್ರತಿಕೃತಿಗಳನ್ನು ಇತಿಹಾಸದ ಅಭ್ಯಾಸಿಗಳಾದ ನಾವು ವಿಮರ್ಶಿಸಹೊರಡುವುದು ಕೆಲವರಿಗೆ ವಿಚಿತ್ರವಾಗಿ ತೋರಬಹುದು. ಆದರೆ ಕಣ್ಣಾರೆ ಕಾಣದ ಘಟನೆಯನ್ನು ಉಳಿದ ಕುರುಹುಗಳಿಂದ ನಿರ್ಣಯಿಸುವ ಕಷ್ಟ ಎರಡು ಶಾಸ್ತ್ರಗಳಿಗೂ ಸಮಾನವಾದುದು. 1889ರಲ್ಲಿ ಸ್ಟೀಫನ್ ಪ್ಯಾಜೆಟ್ ಎಂಬ ಆಂಗ್ಲ ಶಸ್ತ್ರವೈದ್ಯನು ಸ್ತನ ಕ್ಯಾನ್ಸರಿನಿಂದ ಮೃತರಾದ 735 ಮಂದಿಯ ದಾಖಲೆಗಳನ್ನು ಪರಿಶೀಲಿಸಿ, ರೋಗವು ಸಿಕ್ಕಸಿಕ್ಕ ಅಂಗದಲ್ಲಿ ನೆಲಸುವುದಿಲ್ಲ, ಬೀಜಕ್ಕೆ ತಕ್ಕ ನೆಲ ಬೇಕು ಎಂದು ವಾದಿಸಿದನು. ದಾಖಲೆಗಳು ರೋಗ ನೆಲಸಿದ ಸ್ಥಳವನ್ನು ತಿಳಿಸಿದವು. ನೆಲಸಿದ ಬಗೆಯನ್ನು ತಿಳಿಸಲಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರತಿಕೃತಿಯ ಉದ್ದೇಶವೆನ್ನಬಹುದು.

ಅಂಡಾಶಯದ ಕ್ಯಾನ್ಸರಿನ ಜೀವಕೋಶಗಳು ಮೂಲದಿಂದ ಕಳಚಿ, ಉದರದ ದ್ರವದಲ್ಲಿ ತೇಲಿ, ಬಹುಮಟ್ಟಿಗೆ ವಪೆಯಲ್ಲಿ ನೆಲಸುತ್ತವೆ. ವಪೆಯೆಂದರೆ ಜಠರದಿಂದ ಕರುಳುಗಳ ಮೇಲೆ ಇಳಿಬಿದ್ದಿರುವ ಕೊಬ್ಬಿನ ಪರದೆ. ಬಹುಪಾಲು ರೋಗಿಗಳಲ್ಲಿ ರೋಗವು ಪತ್ತೆಯಾಗುವ ವೇಳೆಗೆ ಹರಡುವಿಕೆ ನಡೆದುಹೋಗಿರುವುದರಿಂದ, ಅದರ ಮೊದಲ ಹೆಜ್ಜೆಗಳನ್ನು ರೋಗಿಯಲ್ಲಿ ನೋಡುವುದು ದುಸ್ಸಾಧ್ಯ. ಆದಕಾರಣ 2007ರಲ್ಲಿ ಷಿಕಾಗೋ ವಿಶ್ವವಿದ್ಯಾಲಯದ ಹಿಲರಿ ಕೆನ್ನಿ, ಅರ್ನ್‌ಸ್ಟ್ ಲೆಂಗಲ್ ಮೊದಲಾದವರು ಮಾನವ ವಪೆಯಿಂದ ಪಡೆದ ಜೀವಕೋಶಗಳಿಂದ ಮೂರು ಆಯಾಮಗಳ ಪ್ರತಿಕೃತಿಯನ್ನು ರಚಿಸಿದರು. ಅದರ ತಳದಲ್ಲಿ ಆಧಾರದ್ರವ್ಯವೂ ತಂತುಕೋಶಗಳೂ, ಮೇಲೆ ಹೊದಿಕೆಯ ಮೀಸೋಥೀಲಿಯಲ್ ಕೋಶಗಳೂ ಇದ್ದವು. ಆಧಾರದ್ರವ್ಯ ಮತ್ತು ತಂತುಕೋಶಗಳು ಕ್ಯಾನ್ಸರು ಅಂಟಿ ಒಳನುಗ್ಗಲು ನೆರವಾದವು. ಹೊದಿಕೆಯ ಕೋಶಗಳು ಅದನ್ನು ತಡೆದವು.

ಒಂದೊಂದು ಘಟಕವನ್ನು ತೆಗೆದು, ಸೇರಿಸಿ, ಅದರ ಪಾತ್ರವನ್ನು ಬೇರ್ಪಡಿಸಿ ತೋರಿಸಿದುದು ಈ ಕೃತಿಯ ಗುಣ. ದೋಷವೂ ಅಲ್ಲಿಯೇ ಇದೆ. ವಪೆಯ ಬಹುಭಾಗ ಕೊಬ್ಬು; ಪ್ರತಿಕೃತಿಯಲ್ಲಿ ಕೊಬ್ಬಿನ ಕೋಶಗಳೇ ಇರಲಿಲ್ಲ. 2011ರಲ್ಲಿ ಇದೇ ಗುಂಪಿನವರು ಕೊಬ್ಬಿನ ಕೋಶಗಳನ್ನು ಕ್ಯಾನ್ಸರು ಕೋಶಗಳ ಜೊತೆಗಿಟ್ಟು ನೋಡಿದಾಗ, ಅವು ಕ್ಯಾನ್ಸರನ್ನು ತಮ್ಮೆಡೆಗೆ ಸೆಳೆಯುವುದಲ್ಲದೆ ತಮ್ಮ ಮೇದಸ್ಸನ್ನೇ ಅದಕ್ಕೆ ಆಹಾರವಾಗಿ ಒದಗಿಸುವುದು ಕಂಡುಬಂದಿತು. ಮೊದಲ ಪ್ರತಿಕೃತಿ ಈ ವಿಷಯದಲ್ಲಿ ಸುಳ್ಳಾಡಲಿಲ್ಲ, ನಿಜ. ಆದರೆ ಕರೆಯದ ಸಾಕ್ಷಿಯ ಮೌನವನ್ನು ಇಲ್ಲವೆಂಬ ಉತ್ತರವೆಂದು ಓದಲಾಗದು.

ಕರೆದ ಸಾಕ್ಷಿಯ ಹೇಳಿಕೆಯೂ ಅಂತಿಮವಲ್ಲ. 2014ರಲ್ಲಿ ಪ್ರಕಟವಾದ ಇದೇ ಗುಂಪಿನ ಸಂಶೋಧನೆಯ ಪ್ರಕಾರ, ಕ್ಯಾನ್ಸರು ಕೋಶಗಳ ಪ್ರಚೋದನೆಯಿಂದ ಹೊದಿಕೆಯ ಕೋಶಗಳು ಫೈಬ್ರೊನೆಕ್ಟಿನ್ ಎಂಬ ಪ್ರೋಟೀನನ್ನು ಸ್ರವಿಸಿ ರೋಗ ನೆಲಸಲು ನೆರವಾಗುತ್ತವೆ. ಹಿಂದೆ ಕಾವಲುಗಾರನೆನಿಸಿದ್ದವನು ಇಲ್ಲಿ ಸಹಾಯಕನಾದನು. ಇವು ಪರಸ್ಪರ ವಿರುದ್ಧವೆಂದು ನಾವು ಭಾವಿಸುವುದಿಲ್ಲ. ಹೊದಿಕೆಯು ತಡೆಯಾಗಿ ಏನು ಮಾಡುತ್ತದೆ ಎಂಬುದು ಮೊದಲ ಪ್ರಶ್ನೆ. ಶತ್ರುವಿನ ಸಂಪರ್ಕದಿಂದ ಅದು ಏನಾಗುತ್ತದೆ ಎಂಬುದು ಎರಡನೆಯದು.

ಈ ವಿವೇಚನೆ ಕೇವಲ ಪಂಡಿತರ ಚರ್ಚೆಯಲ್ಲ. 2015ರಲ್ಲಿ ಪ್ರತಿಕೃತಿಯನ್ನು 384 ಮತ್ತು 1,536 ಗುಳಿಗಳುಳ್ಳ ತಟ್ಟೆಗಳಿಗೆ ಅಳವಡಿಸಿ ಔಷಧದ್ರವ್ಯಗಳನ್ನು ಪರೀಕ್ಷಿಸಲಾಯಿತು. ಆಯ್ದ ಕೆಲವು ದ್ರವ್ಯಗಳು ಇಲಿಗಳಲ್ಲಿಯೂ ರೋಗವನ್ನು ತಗ್ಗಿಸಿದುದು ಮೆಚ್ಚತಕ್ಕ ಸಂಗತಿಯೇ. ಆದರೆ ಆ ಗುಳಿಗಳಲ್ಲಿದ್ದುದು ಕೊಬ್ಬಿಲ್ಲದ ಪ್ರತಿಕೃತಿ. ಕೊಬ್ಬಿನ ಪೋಷಣೆಯನ್ನು ಕಡಿಯಬಲ್ಲ ಔಷಧವೊಂದು ಅಲ್ಲಿ ಬಂದಿದ್ದರೂ ಗುರುತು ಸಿಗದೆ ಹೋಗಬಹುದಾಗಿತ್ತು. ಹಾಗೆ ಕೈಬಿಟ್ಟ ದ್ರವ್ಯದ ನಷ್ಟವನ್ನು ತೆರಬೇಕಾದವಳು ರೋಗಿ.

2021ರಲ್ಲಿ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು ಕೊಬ್ಬಿನ ಕೋಶ, ಹೊದಿಕೆಕೋಶ, ತಂತುಕೋಶಗಳನ್ನು ಒಂದುಗೂಡಿಸಿ, ರಕ್ತದ ಪ್ಲೇಟ್‌ಲೆಟ್‌ಗಳ ಪಾತ್ರವನ್ನೂ ಪರೀಕ್ಷಿಸಿದರು. ಹೀಗೆ ಘಟಕಗಳು ಹೆಚ್ಚುತ್ತಿರುವುದು ಸ್ವಾಗತಾರ್ಹ. ಆದರೆ ಎಷ್ಟು ಸೇರಿಸಿದರೂ ಪ್ರತಿಕೃತಿ ದೇಹವಾಗದು, ಆಗಬೇಕಾಗಿಯೂ ಇಲ್ಲ. ಶಾಸನವನ್ನು ಸಂಪಾದಿಸುವವರು ಸವೆದ ಅಕ್ಷರಗಳ ಸ್ಥಾನವನ್ನು ಗುರುತುಮಾಡಿ ತೋರಿಸುತ್ತಾರೆಯೇ ಹೊರತು ಸದ್ದಿಲ್ಲದೆ ತುಂಬುವುದಿಲ್ಲ. ಪ್ರತಿಕೃತಿಯನ್ನು ಕಟ್ಟುವವರೂ ಪ್ರತಿಯೊಂದು ಫಲಿತಾಂಶದ ಜೊತೆಗೆ, ಒಳಗಿರುವುದರಷ್ಟೇ ಸ್ಪಷ್ಟವಾಗಿ, ಬಿಟ್ಟುಹೋದುದನ್ನೂ ನಮೂದಿಸಬೇಕೆಂಬುದು ನಮ್ಮ ಅಭಿಪ್ರಾಯ.